ಓನರ್ ಅಮ್ಮನ ಕಟ್ಟೆ

ಆ ಮನೆಯ ಅಡುಗೆ ಕಟ್ಟೆ ನೆಲದಿಂದ ಎರಡೂಕಾಲು ಅಡಿ ಎತ್ತರ. ಅದರ ಮುಂದೆ ನಿಂತು ಹದಿನಾಲ್ಕು ವರ್ಷ ಅಡುಗೆ ಮಾಡಿದ ಹೆಂಗಸಿನ ಎತ್ತರ ಐದು ಅಡಿ ಹತ್ತು ಇಂಚು. ಇಷ್ಟು ಹೇಳಿದರೆ ಅರ್ಧ ಕಥೆ ಹೇಳಿದ ಹಾಗೇ ಆಯಿತು. ಮಿಕ್ಕ ಅರ್ಧದಲ್ಲಿ ಒಂದಿಷ್ಟು ಜಗಳವಿದೆ, ಒಂದು ಭಾರೀ ಎಡವಟ್ಟಿದೆ.

ಹುಟ್ಟಿದ ಮನೆಯಲ್ಲಿ ಅವಳನ್ನು ಏಣಿ ಅಂತ ಕರೆಯುತ್ತಿದ್ದರು. ಮದುವೆಯಾದ ಮೇಲೆ ಆ ಸುದ್ದಿ ಹೇಗೋ ಅತ್ತೆಯ ಕಿವಿಗೂ ಬಿದ್ದು, ಇಲ್ಲೂ ಅದೇ ಹೆಸರು ಗಟ್ಟಿಯಾಯಿತು. ನಾವೂ ಹಾಗೇ ಕರೆಯೋಣ, ಅವಳಿಗೇನೂ ಬೇಜಾರಿಲ್ಲ. ಶಾಲಾ ಯೂನಿಫಾರ್ಮ್ ಹೊಲಿಯುವ ಕಾರ್ಖಾನೆಯಲ್ಲಿ ಏಣಿ ಕಟಿಂಗ್ ಮಾಸ್ಟರ್. ಬಟ್ಟೆಯನ್ನು ಇಪ್ಪತ್ತು ಪದರ ಹಾಸಿ, ಮೇಲೆ ಕಂದು ಕಾಗದದ ಪ್ಯಾಟರ್ನ್ ಇಟ್ಟು, ಸೀಮೆಸುಣ್ಣದಲ್ಲಿ ಗೆರೆ ಎಳೆದು ಕತ್ತರಿಸುವುದು ಅವಳ ಕೆಲಸ. ಅಲ್ಲಿ ಎಂಟು ಗಂಟೆ ನಿಂತರೂ ಸೊಂಟಕ್ಕೆ ಏನೂ ಆಗುತ್ತಿರಲಿಲ್ಲ. ಮನೆಗೆ ಬಂದು ಅರ್ಧ ಗಂಟೆ ತರಕಾರಿ ಹೆಚ್ಚಿದರೆ ಗೋಡೆ ಹಿಡಿದುಕೊಂಡು ನೆಟ್ಟಗಾಗಬೇಕಿತ್ತು. ಕಾರಣ ದೊಡ್ಡ ರಹಸ್ಯವೇನಲ್ಲ. ಅವಳು ಕೆಲಸಕ್ಕೆ ಸೇರಿದ ವಾರವೇ ಸೂಪರ್‌ವೈಸರ್ ಅವಳ ಟೇಬಲ್ಲಿನ ಕಾಲುಗಳ ಕೆಳಗೆ ಮರದ ದಿಮ್ಮಿ ಇಡಿಸಿ ಎತ್ತರ ಮಾಡಿಸಿದ್ದ. ಬಗ್ಗಿ ಕತ್ತರಿಸಿದರೆ ಗೆರೆ ತಪ್ಪಿ ಬಟ್ಟೆ ಹಾಳಾಗುತ್ತದೆ ಅನ್ನುವ ಚಿಂತೆ ಅವನದು. ಬಟ್ಟೆಗೆ ಸಿಕ್ಕ ಮರ್ಯಾದೆ ಮನೆಯಲ್ಲಿ ಅವಳ ಬೆನ್ನಿಗೆ ಸಿಕ್ಕಿರಲಿಲ್ಲ.

ಮನೆಯಲ್ಲಿ ನಾಲ್ಕು ಜನ. ಗಂಡ ಬಸ್ ಕಂಡಕ್ಟರ್, ಇವಳಿಗಿಂತ ಒಂದೇ ಇಂಚು ಗಿಡ್ಡ, ಜಗಳ ಅಂದರೆ ಮಾರು ದೂರ. ಮಗಳಿಗೆ ಹದಿನಾರು. ಅತ್ತೆಗೆ ಎಪ್ಪತ್ತು, ನಾಲ್ಕು ಅಡಿ ಎಂಟು ಇಂಚು, ಆ ಕಟ್ಟೆ ಮುಂದೆ ನಿಂತರೆ ಅಳತೆ ಕೊಟ್ಟು ಹೊಲಿಸಿದ ಹಾಗೆ ಕೂರುತ್ತಿತ್ತು.

ಕಟ್ಟೆಯನ್ನು ನಿಜಕ್ಕೂ ಅಳತೆ ಕೊಟ್ಟು ಮಾಡಿಸಿದವರು ಬೇರೆ. ಮನೆಯ ಓನರ್ ಪ್ರತಿ ತಿಂಗಳು ಒಂದನೇ ತಾರೀಕು ಬಾಡಿಗೆ ತಗೊಳ್ಳಲು ಖುದ್ದಾಗಿ ಬರುತ್ತಿದ್ದರು. ಚಪ್ಪಲಿ ಬಿಟ್ಟು ಸೀದಾ ಅಡುಗೆಮನೆಗೆ ಹೋಗಿ, ಕರೀ ಕಲ್ಲಿನ ಮೇಲೆ ಅಂಗೈ ಊರಿ, ಮೊದಲು ಕಟ್ಟೆಯನ್ನು ವಿಚಾರಿಸಿಕೊಂಡು ಆಮೇಲೆ ಮನುಷ್ಯರನ್ನು ವಿಚಾರಿಸುತ್ತಿದ್ದರು. “ನಮ್ಮಮ್ಮನ ಕಟ್ಟೆ ಇದು. ಮೇಸ್ತ್ರಿ ಕೈಯಲ್ಲಿ ಎರಡು ಸಲ ಒಡೆಸಿ ಕಟ್ಟಿಸಿದ್ರು, ತಮ್ಮ ಸೊಂಟದ ಅಳತೆಗೆ. ಅಪ್ಪ ಬೈದ್ರೂ ಕೇಳ್ಲಿಲ್ಲ.” ಹದಿನಾಲ್ಕು ವರ್ಷದಲ್ಲಿ ಈ ಮಾತನ್ನು ಮನೆಯವರು ಎಷ್ಟು ಸಲ ಕೇಳಿದ್ದರೆಂದರೆ, ಓನರ್ ಬಾಯಿ ತೆರೆಯುವ ಮೊದಲೇ ಮಗಳು ರೂಮಿನಲ್ಲಿ ಕೂತು ಅವರ ದನಿಯಲ್ಲೇ ಒಪ್ಪಿಸುತ್ತಿದ್ದಳು.

ಕಟ್ಟೆಯೊಂದೇ ಅಲ್ಲ, ಆ ಇಡೀ ಅಡುಗೆಮನೆ ಓನರ್ ಅಮ್ಮನ ಕಾಲದಲ್ಲೇ ನಿಂತುಬಿಟ್ಟಿತ್ತು. ಎದೆಮಟ್ಟ ಕಡು ಹಸಿರು ಎಣ್ಣೆ ಬಣ್ಣ, ಅದರ ಮೇಲೆ ವರ್ಷಗಟ್ಟಲೆಯ ಜಿಡ್ಡು. ಕಪಾಟಿನ ಬಾಗಿಲುಗಳು ತೇವಕ್ಕೆ ಉಬ್ಬಿ, ಒಂದನ್ನು ತೆಗೆದರೆ ಪಕ್ಕದ್ದೂ ಜೊತೆಗೆ ಬರುತ್ತಿತ್ತು. ಕಿಟಕಿಯನ್ನು ಯಾರೋ ಮುಚ್ಚಿದ ಸ್ಥಿತಿಯಲ್ಲೇ ಬಣ್ಣ ಬಳಿದು ಕೈ ತೊಳೆದುಕೊಂಡಿದ್ದರು. ಬಲ್ಬು ಹಗಲಲ್ಲೂ ಬೇಕಿತ್ತು, ಹಾಕಿದರೂ ಅಕ್ಕಿಯಲ್ಲಿನ ಕಲ್ಲು ಕಾಣುತ್ತಿರಲಿಲ್ಲ.

ಒಂದು ಭಾನುವಾರ ಬೆಳಿಗ್ಗೆ ಏಣಿ ಬಟ್ಟೆ ಒಣಹಾಕಿ ಒಳಗೆ ಬಂದಳು. ಅಡುಗೆಮನೆಯಲ್ಲಿ ಬಗ್ಗಿ ನಿಂತವಳು ಯಾರೆಂದು ಒಂದು ಗಳಿಗೆ ಗೊತ್ತಾಗಲಿಲ್ಲ. ಇವಳದೇ ಹಳೇ ನೈಟಿ, ಇವಳ ಥರವೇ ಬಾಗಿದ ಬೆನ್ನು, ಇವಳ ಹಾಗೇ ಎಡಗೈ ಸೊಂಟದ ಮೇಲೆ. ಮಗಳು ಈರುಳ್ಳಿ ಹೆಚ್ಚುತ್ತಿದ್ದಳು. ಒಂದೇ ವರ್ಷದಲ್ಲಿ ಅವಳು ನಾಲ್ಕು ಇಂಚು ಬೆಳೆದಿದ್ದಳು, ಎಲ್ಲರೂ ಅದನ್ನು ಹೇಳಿ ನಗುತ್ತಿದ್ದರು, ಆದರೆ ಆ ನಾಲ್ಕು ಇಂಚು ಎಲ್ಲಿಗೆ ಹೋಗುತ್ತದೆ ಅಂತ ಯಾರೂ ಯೋಚಿಸಿರಲಿಲ್ಲ. ಏಣಿಗೆ ತನ್ನ ಬೆನ್ನಿನ ವಿಷಯದಲ್ಲಿ ಹದಿನಾಲ್ಕು ವರ್ಷ ಬಾರದ ಸಿಟ್ಟು ಒಟ್ಟಿಗೆ ಬಂತು.

“ಚಾಕು ಕೆಳಗಿಡು,” ಅಂದಳು.

“ಇನ್ನೂ ಎರಡಿದೆ ಅಮ್ಮ.”

“ಇಡು ಅಂದೆ. ಈ ಕಟ್ಟೆ ಮುಂದೆ ಇನ್ನು ನೀನು ಬಗ್ಗೋ ಹಾಗಿಲ್ಲ.”

ಮಧ್ಯಾಹ್ನ ಊಟಕ್ಕೆ ಕೂತಾಗ ಏಣಿ ವಿಷಯ ತೆಗೆದಳು. ಅಡುಗೆಮನೆ ರಿಪೇರಿ ಮಾಡಿಸೋಣ, ಶಾಲೆ ಶುರುವಾಗುವ ಸೀಸನ್ನು, ಎರಡು ತಿಂಗಳು ಓವರ್‌ಟೈಮ್ ಸಿಗುತ್ತದೆ, ಅಷ್ಟರಲ್ಲೇ ಮುಗಿಸುತ್ತೇನೆ, ಮನೆ ಖರ್ಚಿನ ದುಡ್ಡು ಮುಟ್ಟುವುದಿಲ್ಲ ಅಂದಳು. ಕಂಡಕ್ಟರ್ ಅನ್ನ ಕಲೆಸುವುದನ್ನು ನಿಲ್ಲಿಸಲಿಲ್ಲ. “ಬಾಡಿಗೆ ಮನೆ ಕಣೇ. ನಾಳೆ ಖಾಲಿ ಮಾಡಿ ಅಂದ್ರೆ ಮಾಡ್ಬೇಕು.”

“ಹದಿನಾಲ್ಕು ವರ್ಷದಿಂದ ಆ ನಾಳೆ ಬಂದಿಲ್ಲ. ನನ್ನ ಸೊಂಟ ದಿನಾ ಬರ್ತಿದೆ.”

ಅತ್ತೆ ತಟ್ಟೆಯಿಂದ ತಲೆಯೆತ್ತಿದರು. ಕಟ್ಟೆಗೇನಾಗಿದೆ, ತನಗೆ ಸರಿಯಾಗೇ ಇದೆಯಲ್ಲ ಅಂದರು. ಕಂಡಕ್ಟರ್ ಎಂದಿನಂತೆ ಅಡ್ಡಗೋಡೆ ಮೇಲೆ ದೀಪ ಇಟ್ಟ. ಅಮ್ಮ ಹೇಳುವುದೂ ನಿಜ, ಇವಳು ಹೇಳುವುದೂ ನಿಜ, ಓನರನ್ನೇ ಒಂದು ಮಾತು ಕೇಳೋಣ ಅಂದ.

ಒಂದನೇ ತಾರೀಕು ಕೇಳಿದರು. ಓನರ್ ಅಂಗೈಯನ್ನು ಕಟ್ಟೆ ಮೇಲಿಂದ ತೆಗೆಯದೆಯೇ ತಲೆಯಾಡಿಸಿದರು. ಅಮ್ಮನ ಕಟ್ಟೆ ಒಡೆಯುವ ಮಾತೇ ಇಲ್ಲ. ಬಾಗಿಲು, ಕಿಟಕಿ, ಬಣ್ಣ ಏನು ಮಾಡಿಸಿಕೊಂಡರೂ ನಿಮ್ಮ ಖರ್ಚು, ಆದರೆ ಅಗ್ರಿಮೆಂಟ್ ನೋಡಿಕೊಂಡು ಮಾಡಿಸಿಕೊಳ್ಳಿ ಅಂದರು. ಅವರು ಹೋದ ಮೇಲೆ ಕಂಡಕ್ಟರ್ ಬೀರುವಿನಿಂದ ಕಾಗದ ತೆಗೆದು ಓದಿದ. ಮನೆಯ ಗೋಡೆಗೆ, ನೆಲಕ್ಕೆ, ಕಟ್ಟೆಗೆ ಸೇರಿಸಿ ಕೂರಿಸಿದ್ದೆಲ್ಲ ಮನೆಗೇ ಸೇರತಕ್ಕದ್ದು. ಮನೆಯಲ್ಲಿ ಮೊದಲಿದ್ದ ಯಾವ ವಸ್ತುವನ್ನೂ ಕಳೆಯತಕ್ಕದ್ದಲ್ಲ. “ನೋಡಿದ್ಯಾ? ನೀನು ದುಡ್ಡು ಸುರಿ, ಅವರು ಇಟ್ಕೊಳ್ಳಲಿ,” ಅಂದು ಕಾಗದ ಮಡಚಿಟ್ಟ. ಅಲ್ಲಿಗೆ ಮುಗಿಯಿತು ಅಂದುಕೊಂಡ, ಪಾಪ.

ಏಣಿ ಜಗಳವಾಡಲಿಲ್ಲ. ಸೀಸನ್ ಶುರುವಾಗಿತ್ತು, ಅವಳು ಮನೆಗೆ ಬರುವುದು ಏಳು ಗಂಟೆಯಾಗುತ್ತಿತ್ತು. ಕಂಡಕ್ಟರಿಗೆ ಮೊದಲ ಪಾಳಿ, ಮೂರಕ್ಕೆಲ್ಲ ಮನೆಯಲ್ಲಿರುತ್ತಿದ್ದ. ಸಂಜೆಯ ತರಕಾರಿ ಇನ್ನು ಮೇಲೆ ನಿಮ್ಮದು, ಅತ್ತೆ ಒಲೆ ಮುಂದೆ ಇರುತ್ತಾರೆ, ಮಗಳಿಗೆ ಪರೀಕ್ಷೆ, ಅವಳನ್ನು ಕರೆಯಬೇಡಿ ಅಂತ ಹೇಳಿ ಹೋದಳು. ಕಂಡಕ್ಟರ್ ಮೊದಲ ದಿನ ಹಾಡು ಗುನುಗಿಕೊಂಡು ಬೀನ್ಸ್ ಹೆಚ್ಚಿದ. ಎರಡನೇ ದಿನ ಹಾಡು ನಿಂತಿತು. ಮೂರನೇ ದಿನ ಚಾಕು ತಗೊಂಡು ನೆಲಕ್ಕೆ ಕೂತು ಎಲೆಕೋಸು ಹೆಚ್ಚಿದ. ಐದನೇ ದಿನ ಏಣಿ ಬಂದು ನೋಡಿದರೆ ಹಾಲ್‌ನಲ್ಲಿ ಅಂಗಾತ ಮಲಗಿದ್ದ, ಮಗಳು ಅವನ ಸೊಂಟಕ್ಕೆ ಮುಲಾಮು ಹಿಡಿದು ನಿಂತಿದ್ದಳು.

“ಕಟ್ಟೆ ಸರಿಯಾಗೇ ಇದೆ ಅಲ್ವಾಪ್ಪ?” ಅಂದಳು ಮಗಳು.

ಕಂಡಕ್ಟರ್ ಸೂರು ನೋಡುತ್ತಾ, “ಎಷ್ಟಾಗುತ್ತಂತೆ ರಿಪೇರಿಗೆ?” ಅಂತ ಕೇಳಿದ.

ಕೆಲಸ ಶುರುವಾಯಿತು. ಮೊದಲ ಭಾನುವಾರ ಗೋಡೆ. ಬಿಸಿನೀರಿಗೆ ವಾಷಿಂಗ್ ಸೋಡಾ ಹಾಕಿ, ತೆಂಗಿನ ನಾರು ಹಿಡಿದು ಏಣಿ ಮತ್ತು ಮಗಳು ಉಜ್ಜಿದರು. ಹಸಿರಿನ ಕೆಳಗೆ ಇನ್ನೊಂದು ಹಸಿರಿತ್ತು, ಅದು ಅಷ್ಟೇನೂ ಕೆಟ್ಟದಾಗಿರಲಿಲ್ಲ. ಎರಡನೇ ಭಾನುವಾರ ಕಿಟಕಿ. ಕಂಡಕ್ಟರ್ ಬ್ಲೇಡಿನಿಂದ ಬಣ್ಣದ ಸಂದು ಕೊಯ್ದು, ಭುಜ ಕೊಟ್ಟು ತಳ್ಳಿದ. ಮೂರನೇ ಸಲಕ್ಕೆ ಕಿಟಕಿ ತೆರೆದುಕೊಂಡಿತು, ಆಯ ತಪ್ಪಿ ಅವನ ಅರ್ಧ ಮೈ ಹೊರಗೆ ಹೋಯಿತು. ಪಕ್ಕದ ಮನೆಯ ಹೆಂಗಸು ಪಾತ್ರೆ ತೊಳೆಯುತ್ತಿದ್ದಳು, “ಓ, ಇಲ್ಲೊಂದು ಕಿಟಕಿ ಇತ್ತಾ?” ಅಂದಳು. ಅಡುಗೆಮನೆಗೆ ಬೆಳಕು ಬಂತು. ಅಕ್ಕಿಯಲ್ಲಿ ಕಲ್ಲು ಕಂಡಿತು.

ಮೂರನೇ ವಾರ ಕಪಾಟು. ಉಬ್ಬಿದ ಬಾಗಿಲುಗಳನ್ನು ಬಿಚ್ಚಿ ಗುಜರಿಗೆ ಹಾಕೋಣ ಅಂದ ಕಂಡಕ್ಟರ್. ಏಣಿ ಬಿಡಲಿಲ್ಲ. ಕತ್ತರಿಸಿದ ತುಂಡುಗಳಿಗೆ ನಂಬರ್ ಹಾಕಿ ಕಟ್ಟು ಕಟ್ಟುವುದು ಅವಳ ಕೈಗೆ ಅಂಟಿದ ಚಟ. ಒಂದೊಂದು ಬಾಗಿಲಿನ ಹಿಂದೆಯೂ ಸೀಮೆಸುಣ್ಣದಲ್ಲಿ ನಂಬರ್ ಬರೆದಳು, ತಿರುಪು ಮೊಳೆಗಳನ್ನು ಚಿಂದಿಯಲ್ಲಿ ಗಂಟು ಕಟ್ಟಿದಳು, ಹಳೇ ಬಲ್ಬನ್ನೂ ಕಾಗದದಲ್ಲಿ ಸುತ್ತಿ ಅದಕ್ಕೂ ಒಂದು ನಂಬರ್ ಕೊಟ್ಟಳು. ಎಲ್ಲ ಮಂಚದ ಕೆಳಗೆ ಹೋಯಿತು. ಅಗ್ರಿಮೆಂಟಿನಲ್ಲಿ ಕಳೆಯಬಾರದು ಅಂತ ತಾನೇ ಇರುವುದು, ಬಿಚ್ಚಬಾರದು ಅಂತ ಎಲ್ಲಿದೆ ಅಂದಳು. ಬಾಗಿಲುಗಳ ಜಾಗಕ್ಕೆ ಕಾರ್ಖಾನೆಯಲ್ಲಿ ಉಳಿದ ನೀಲಿ ಚೌಕುಳಿ ಬಟ್ಟೆಯ ಪರದೆ ಬಂತು, ಮೊಳೆ ಹೊಡೆಯದೆ ತಂತಿಗೆ ಪೋಣಿಸಿದ್ದು. ಯಾವುದೋ ಶಾಲೆಯ ಮೂರನೇ ಕ್ಲಾಸಿನ ಮಕ್ಕಳೆಲ್ಲ ಸಾಲಾಗಿ ನಿಂತ ಹಾಗೆ ಕಾಣುತ್ತದೆ ಅಂತ ಮಗಳು ನಕ್ಕಳು.

ಇನ್ನು ಉಳಿದದ್ದು ಕಟ್ಟೆ. ಅದನ್ನು ಒಡೆಯುವ ಹಾಗಿಲ್ಲ, ಸರಿ. ಎರಡು ಗೋಡೆಗಳ ನಡುವೆ ಆರು ಅಡಿ ಕಟ್ಟೆ, ಅದರ ಮೇಲೆ ಮರದ ದಿಮ್ಮಿ ಜೋಡಿಸಿ, ದಿಮ್ಮಿಯ ಮೇಲೆ ಆರು ಅಡಿ ಹಲಗೆ ಇಟ್ಟುಬಿಟ್ಟರೆ ಇಡೀ ಕಟ್ಟೆ ಹನ್ನೊಂದು ಇಂಚು ಮೇಲೆ ಬರುತ್ತದೆ. ಏಣಿಯ ಲೆಕ್ಕ ಇದು.

ಅತ್ತೆ ಅವತ್ತಿನವರೆಗೆ ಗೊಣಗುತ್ತಲೇ ಪರದೆ ತೊಳೆದುಕೊಟ್ಟಿದ್ದರು, ಕಿಟಕಿ ತೆರೆದ ಮೇಲೆ ಅಲ್ಲೇ ನಿಂತು ಪಕ್ಕದ ಮನೆಯವಳ ಜೊತೆ ಮಾತೂ ಶುರು ಮಾಡಿದ್ದರು. ಹಲಗೆಯ ಮಾತು ಕೇಳಿ ಉರಿದುಬಿದ್ದರು.

“ಅಷ್ಟು ಎತ್ತರಕ್ಕೆ ಮಾಡಿದ್ರೆ ನಾನೇನು ಸ್ಟೂಲ್ ಹತ್ತಿ ಸೌಟು ತಿರುವ್ಲಾ?”

“ನೀವ್ಯಾಕೆ ತಿರುವ್ತೀರಿ ಅತ್ತೆ? ಇನ್ಮೇಲೆ ಕೂತ್ಕೊಳ್ಳಿ. ನಾವು ಮಾಡ್ತೀವಿ.”

ಇದನ್ನು ಏಣಿ ಒಳ್ಳೇ ಮನಸ್ಸಿನಿಂದ ಹೇಳಿದಳು ಅಂತ ನಾನು ಸುಳ್ಳು ಹೇಳುವುದಿಲ್ಲ. ಸಿಟ್ಟಿನಲ್ಲೇ ಹೇಳಿದಳು. ಮಾರನೇ ದಿನದಿಂದ ಅತ್ತೆ ಎಲ್ಲರೆದುರು ಅಡುಗೆಮನೆಗೆ ಕಾಲಿಡಲಿಲ್ಲ, ಕೊಟ್ಟದ್ದು ತಿಂದು ತಟ್ಟೆ ತೊಳೆದಿಟ್ಟು ಬಾಗಿಲ ಹತ್ತಿರ ಹೋಗಿ ಕೂತರು. ಕಂಡಕ್ಟರ್ ಬೇಯಿಸಿದ ಬೇಳೆ ಒಂದು ದಿನ ಹಸಿ, ಒಂದು ದಿನ ಸೀದದ್ದು. ಎಲ್ಲರೂ ಸುಮ್ಮನೆ ತಿಂದರು. ನಾಲ್ಕನೇ ದಿನ ಮಗಳು ಬಂದು, ಅಜ್ಜಿ ಬೆಳಿಗ್ಗೆ ಎಲ್ಲರೂ ಮಲಗಿದ್ದಾಗ ಖಾಲಿ ಕಟ್ಟೆ ಒರೆಸುತ್ತಾ ಅಳುತ್ತಿದ್ದರು ಅಂತ ಹೇಳಿದಳು. ಏಣಿಗೆ ಚುರುಕ್ಕೆಂದಿತು. ಆದರೂ ಹಟ ಬಿಡಲಿಲ್ಲ. ಅಷ್ಟು ವರ್ಷ ತಾನು ಬಗ್ಗಿದಾಗ ಯಾರು ಅತ್ತರು ಅಂದುಕೊಂಡಳು. ಅಂದುಕೊಂಡದ್ದು ನಿಜ, ಅದರಿಂದ ಸಮಾಧಾನವಾಗಲಿಲ್ಲ ಅನ್ನುವುದೂ ನಿಜ.

ಹಲಗೆಗೆ ಏಣಿ ಬಡಗಿಗೆ ಬಾಯಲ್ಲಿ ಅಳತೆ ಹೇಳಲಿಲ್ಲ. ತನ್ನ ಕೆಲಸದ ರೀತಿಯಲ್ಲೇ ಕಂದು ಕಾಗದದಲ್ಲಿ ಪ್ಯಾಟರ್ನ್ ಕತ್ತರಿಸಿ ಕೊಟ್ಟಳು, ಇದರ ಮೇಲೆ ಕೂದಲೆಳೆಯಷ್ಟೂ ಹೆಚ್ಚುಕಮ್ಮಿ ಆಗಬಾರದು ಅಂದಳು. ಯಾವುದೋ ಹಳೇ ಶಾಲೆ ಕೆಡವಿದಾಗ ಸಿಕ್ಕ ಪ್ರಯೋಗಶಾಲೆಯ ಮೇಜಿನ ಹಲಗೆ ಅವನ ಹತ್ತಿರ ಅಗ್ಗಕ್ಕಿತ್ತು. ಗಟ್ಟಿ ಮರ, ಒಂದು ಮೂಲೆಯಲ್ಲಿ ಯಾರೋ ಹುಡುಗರು ಕೊರೆದ ಎರಡು ಅಕ್ಷರ. ಅದನ್ನೇ ಕೊಯ್ದು, ಅಂಚಿಗೆಲ್ಲ ಅಲ್ಯೂಮಿನಿಯಂ ಪಟ್ಟಿ ಹೊಡೆದು, ಶನಿವಾರ ಸಂಜೆ ಗಾಡಿಯಲ್ಲಿ ತಂದಿಳಿಸಿದ.

ಬಡಗಿ ಮತ್ತು ಕಂಡಕ್ಟರ್ ಹಲಗೆ ಎತ್ತಿ ದಿಮ್ಮಿಗಳ ಮೇಲೆ ಇಡಲು ಹೋದರು. ಒಂದು ತುದಿ ಕೂತಿತು, ಇನ್ನೊಂದು ತುದಿ ಗೋಡೆಗೆ ಒದ್ದು ನಿಂತಿತು. ತಿರುಗಿಸಿದರು. ಓರೆ ಮಾಡಿದರು. ಬಡಗಿ ಟೇಪ್ ತೆಗೆದು ಅಳೆದ. ಗೋಡೆಯಿಂದ ಗೋಡೆಗೆ ಆರು ಅಡಿ, ಹಲಗೆ ಆರು ಅಡಿ ಒಂದು ಇಂಚು.

“ನನ್ನ ಮೇಲೆ ಹಾಕ್ಬೇಡಿ,” ಅಂದ ಅವನು. “ನಿಮ್ಮ ಪೇಪರ್ ಹೆಂಗಿತ್ತೋ ಹಂಗೇ ಕೊಯ್ದಿದೀನಿ.”

ಏಣಿ ಪ್ಯಾಟರ್ನ್ ಇಸಿದುಕೊಂಡು ಹಲಗೆಯ ಮೇಲೆ ಹಾಸಿದಳು. ಸರಿಯಾಗಿ ಕೂತಿತು. ಕಾಗದದ ಸುತ್ತ ಅಂಚಿನಿಂದ ಅರ್ಧ ಇಂಚು ಒಳಗೆ ಅವಳದೇ ಕೈಯ ಚುಕ್ಕಿ ಗೆರೆ. ಅವಳ ಮುಖ ಕೆಂಪಾಯಿತು. ಇಪ್ಪತ್ತು ವರ್ಷದಿಂದ ಯಾವ ಅಳತೆ ತಗೊಂಡರೂ ಹೊಲಿಗೆಗೆ ಅಂತ ಸುತ್ತಲೂ ಅರ್ಧ ಇಂಚು ಮಾರ್ಜಿನ್ ಬಿಟ್ಟು ಕತ್ತರಿಸಿದ ಕೈ ಅದು. ಹಲಗೆಗೂ ಬಿಟ್ಟಿತ್ತು.

“ಮರಕ್ಕೆ ಹೊಲಿಗೆ ಹಾಕೋಕೆ ಹೊರಟಿದ್ಯಾ?” ಅಂದ ಕಂಡಕ್ಟರ್. ಮಗಳು ಬಾಯಿಗೆ ದುಪಟ್ಟಾ ತುರುಕಿಕೊಂಡಳು. ಬಾಗಿಲ ಹತ್ತಿರ ಕೂತಿದ್ದ ಅತ್ತೆ, ಐದು ದಿನದಿಂದ ಮುಖ ಊದಿಸಿಕೊಂಡಿದ್ದವರು, ಗೊಳ್ಳೆಂದು ನಕ್ಕುಬಿಟ್ಟರು. ಏಣಿಗೆ ಅಳು ಬಂದಿತ್ತು, ಅತ್ತೆಯ ನಗು ಕೇಳಿ ಅದು ಅರ್ಧ ದಾರಿಯಲ್ಲೇ ನಗುವಾಯಿತು.

ಪಟ್ಟಿ ಬಿಚ್ಚಿ ಮತ್ತೆ ಕೊಯ್ಯಬೇಕೆಂದರೆ ಇನ್ನೊಂದು ಕೂಲಿ, ಅದೂ ಹದಿನೈದು ದಿನದ ಮೇಲೆ ಅಂದ ಬಡಗಿ. ಅಷ್ಟು ದುಡ್ಡು ಉಳಿದಿರಲಿಲ್ಲ. ಹಲಗೆಯನ್ನು ಸದ್ಯಕ್ಕೆ ಅಂತ ಕಿಟಕಿಯ ಕೆಳಗೆ ಒರಗಿಸಿದರು. ಕೆಟ್ಟ ಸ್ಟವ್, ಗೋಣಿಚೀಲ, ಖಾಲಿ ಡಬ್ಬ ಅಂತ ಹದಿನಾಲ್ಕು ವರ್ಷದ ಗುಜರಿ ತುಂಬಿಕೊಂಡಿದ್ದ ಜಾಗ ಅದು, ಈಗ ಖಾಲಿಯಾಗಿತ್ತು, ಆರು ಅಡಿ ಒಂದು ಇಂಚಲ್ಲ, ಎಂಟು ಅಡಿಯಿತ್ತು. ಬೆಳಕು ಸೀದಾ ಅಲ್ಲಿಗೇ ಬೀಳುತ್ತಿತ್ತು. ಏಣಿ ಹಲಗೆ ನೋಡಿದಳು, ಕಟ್ಟೆ ನೋಡಿದಳು, ಬಾಗಿಲಲ್ಲಿ ಕೂತ ಅತ್ತೆಯನ್ನೂ ನೋಡಿದಳು.

“ಅತ್ತೆ, ಆ ಕಟ್ಟೆ ನಿಮಗೇ ಇರಲಿ,” ಅಂದಳು. “ನಾನು ಈ ಕಡೆ ನಿಂತ್ಕೋತೀನಿ.”

ಅತ್ತೆ ಎದ್ದು ಒಳಗೆ ಬಂದರು. ಕಟ್ಟೆ ಮೇಲಿದ್ದ ದಿಮ್ಮಿಗಳನ್ನು ಒಂದೊಂದಾಗಿ ತಾವೇ ಇಳಿಸಿದರು. “ಮೊದಲು ಒಂದು ಲೋಟ ಚಹಾ ಮಾಡ್ತೀನಿ. ನಿನ್ನ ಗಂಡನ ಚಹಾ ಕುಡಿದು ನನ್ನ ನಾಲಿಗೆ ಸತ್ತೋಗಿದೆ,” ಅಂದರು.

ಗುಜರಿ ಅಂಗಡಿಯಲ್ಲಿ ಕಬ್ಬಿಣದ ನಾಲ್ಕು ಕಾಲು ಸಿಕ್ಕವು. ಅದರ ಪಾದದಲ್ಲಿ ಬೋಲ್ಟ್ ಇತ್ತು, ತಿರುಗಿಸಿದರೆ ಎತ್ತರ ಹೆಚ್ಚುಕಮ್ಮಿ ಮಾಡಬಹುದು. ಏಣಿ ಟೇಪ್ ತಗೊಂಡು ಈ ಸಲ ಯಾವ ಮಾರ್ಜಿನ್ನೂ ಬಿಡದೆ ಅಳೆದಳು, ಮಗಳು ಪಕ್ಕದಲ್ಲೇ ನಿಂತು ಕಾವಲು ಕಾದಳು. ಮೂರು ಅಡಿ ಎರಡು ಇಂಚು. ಅವತ್ತು ಸಂಜೆ ಏಣಿ ತನ್ನ ಮನೆಯ ಅಡುಗೆಮನೆಯಲ್ಲಿ ಮೊದಲ ಸಲ ನೆಟ್ಟಗೆ ನಿಂತು ಒಂದು ಕಟ್ಟು ಸೊಪ್ಪು ಸೋಸಿದಳು. ಮುಗಿದ ಮೇಲೆ ಅಭ್ಯಾಸಬಲದಿಂದ ಗೋಡೆ ಹಿಡಿಯಲು ಹೋದಳು, ಹಿಡಿಯುವ ಅಗತ್ಯವೇ ಬರಲಿಲ್ಲ. ಸುಮ್ಮನೆ ಇನ್ನೊಂದು ಕಟ್ಟು ಸೊಪ್ಪು ಬಿಚ್ಚಿದಳು.

ಒಂದನೇ ತಾರೀಕು ಭಾನುವಾರ ಬಿತ್ತು. ಎಲ್ಲರೂ ಮನೆಯಲ್ಲಿದ್ದರು. ಓನರ್ ಚಪ್ಪಲಿ ಬಿಟ್ಟು ಒಳಗೆ ಬಂದವರು ಅಡುಗೆಮನೆ ಬಾಗಿಲಲ್ಲೇ ನಿಂತರು. ತೆರೆದ ಕಿಟಕಿ, ಬೆಳಕು, ಪರದೆ, ಮೇಜು, ಎಲ್ಲವನ್ನೂ ನೋಡಿದರು. ಮುಖದಲ್ಲಿ ಖುಷಿಯೇ ಇತ್ತು, ಆಮೇಲೆ ಆ ಖುಷಿ ಲೆಕ್ಕ ಹಾಕತೊಡಗಿತು. ಅಡುಗೆಮನೆ ಹೊಸದಾಗಿದೆ, ಈಗ ಇಂಥ ಮನೆಗೆ ಹೊರಗೆ ಎಷ್ಟು ಬಾಡಿಗೆ ನಡೆಯುತ್ತಿದೆ ಗೊತ್ತೇ, ಮುಂದಿನ ತಿಂಗಳಿಂದ ಕಾಲು ಭಾಗ ಹೆಚ್ಚಿಗೆ ಕೊಡಬೇಕಾಗುತ್ತದೆ ಅಂದರು. ಮೇಜನ್ನು ಬೆರಳಿನಿಂದ ತಟ್ಟಿ, ಮನೆಗೆ ಕೂರಿಸಿದ್ದು ಮನೆಗೇ ಸೇರುತ್ತದೆ, ಅಗ್ರಿಮೆಂಟಿನಲ್ಲಿ ಇದೆ ಅಂತಲೂ ಸೇರಿಸಿದರು.

ಕಂಡಕ್ಟರ್ ಹೆದರಿದ್ದು ಇದಕ್ಕೇ. ಕಾಲು ಭಾಗ ಹೆಚ್ಚಾದರೆ ಮನೆ ಬಿಡಬೇಕು, ಬಿಟ್ಟರೆ ಮಗಳ ಶಾಲೆ ದೂರ, ಇಬ್ಬರ ಕೆಲಸವೂ ದೂರ. ಹೆಂಡತಿಯ ಕಡೆ ನೋಡಿದ. ಅವಳು ಕೈ ಒರೆಸಿಕೊಳ್ಳುತ್ತಿದ್ದಳು.

“ಕೂರಿಸಿಲ್ಲ ಸಾರ್, ನಿಲ್ಲಿಸಿದೀನಿ,” ಅಂದಳು ಏಣಿ. ಪ್ಯಾಟರ್ನಿನ ಕಂದು ಕಾಗದ ತಂದು ಮೇಜಿಗೂ ಗೋಡೆಗೂ ನಡುವೆ ಇಳಿಬಿಟ್ಟಳು. ಎಲ್ಲೂ ತಾಕದೆ ಜಾರಿ ನೆಲಕ್ಕೆ ಬಿತ್ತು. “ಗೋಡೆಗೆ ಎಲ್ಲಿ ಸೇರಿದೆ, ತೋರ್ಸಿ.”

ಓನರ್ ಗಂಟಲು ಸರಿಮಾಡಿಕೊಂಡರು. ಮೇಜು ಹೋಗಲಿ, ಒಟ್ಟಾರೆ ಅಡುಗೆಮನೆ ಬೇರೆಯೇ ಆಗಿದೆಯಲ್ಲ, ಬಾಡಿಗೆ ಅದಕ್ಕೆ ತಾನೇ ಅಂದರು.

“ಹೌದಾ? ಹಾಗಾದ್ರೆ ಒಂದು ಹತ್ತು ನಿಮಿಷ ಕೂತ್ಕೊಳ್ಳಿ.”

ಅವಳು ಮಗಳಿಗೆ ಸನ್ನೆ ಮಾಡಿದಳು. ಮಗಳು ಮಂಚದ ಕೆಳಗೆ ತೂರಿದಳು. ತಾಯಿ ಮಗಳು ಮೇಜು ಎತ್ತಿ ಹಾಲ್‌ಗೆ ತಂದು ಓನರ್ ಕೂತ ಕುರ್ಚಿಯ ಎದುರಿಗೇ ಇಟ್ಟರು. ಪರದೆಗಳು ತಂತಿ ಸಮೇತ ಬಂದವು. ನಂಬರ್ ಒಂದು, ನಂಬರ್ ಎರಡು ಅಂತ ಮಗಳು ಕೂಗಿ ಕೊಟ್ಟಂತೆ ಉಬ್ಬಿದ ಬಾಗಿಲುಗಳು ತಮ್ಮ ತಮ್ಮ ಜಾಗಕ್ಕೆ ಹೋಗಿ ಒರಗಿದವು. ಕಂಡಕ್ಟರ್ ಒಂದು ಗಳಿಗೆ ಗೋಡೆಗಂಟಿಕೊಂಡು ನಿಂತಿದ್ದ. ಆಮೇಲೆ ಏನನ್ನಿಸಿತೋ, ಸ್ಟೂಲ್ ಎಳೆದು ಹತ್ತಿ ಹೊಸ ಬಲ್ಬ್ ಬಿಚ್ಚಿ ಜೇಬಿಗಿಳಿಸಿ, ಹಳೇ ಬಲ್ಬ್ ಹಾಕಿದ. ಮದುವೆಯಾದ ಮೇಲೆ ಮೊದಲ ಸಲ ಅವನು ಅಡ್ಡಗೋಡೆ ಬಿಟ್ಟು ಒಂದು ಕಡೆ ದೀಪ ಇಟ್ಟದ್ದು.

“ಬನ್ನಿ ಸಾರ್,” ಅಂದಳು ಏಣಿ. “ನೀವು ಬಾಡಿಗೆಗೆ ಕೊಟ್ಟ ಅಡುಗೆಮನೆ ಇದು. ಒಂದು ಮೊಳೇನೂ ಕಳೆದಿಲ್ಲ. ಇದರ ಬಾಡಿಗೆ ಎಷ್ಟೋ ಅಷ್ಟು ಕೊಡ್ತೀವಿ. ನಾವು ಹೋಗೋ ದಿನ ನಮ್ಮದು ನಮ್ಮ ಜೊತೆ ಬರುತ್ತೆ.”

ಓನರ್ ನೋಡಿದರು. ಓರೆಯಾಗಿ ನಿಂತ ಬಾಗಿಲುಗಳು, ಮೇಲೆ ಹಳದಿ ಬೆಳಕು. ಅವರಿಗೂ ಅದು ಚೆನ್ನಾಗಿ ಕಾಣಲಿಲ್ಲ ಅಂತ ಮುಖವೇ ಹೇಳಿತು. “ಕಿಟಕಿ ತೆಗೆಸಿದೀರಿ,” ಅಂದರು ಕೊನೆಗೆ.

“ಕಿಟಕಿ ನಿಮ್ದೇ. ಬೇಡ ಅಂದ್ರೆ ಮುಚ್ಕೊಳ್ಳಿ.”

ಓನರಿಗೆ ಸಿಟ್ಟು ಬಂತು. ಇಷ್ಟು ವರ್ಷ ಮನೆಯವರ ಹಾಗೆ ನೋಡಿಕೊಂಡದ್ದಕ್ಕೆ ಇದಾ ಮರ್ಯಾದೆ, ಅಮ್ಮನ ಕಟ್ಟೆಯಲ್ಲಿ ಎಂಥೆಂಥವರು ಅಡುಗೆ ಮಾಡಿದರು, ಯಾರೂ ಚಕಾರ ಎತ್ತಲಿಲ್ಲ, ನಿಮ್ಮ ಒಬ್ಬರ ಸೊಂಟವೇ ದೊಡ್ಡದಾಯಿತಾ ಅಂದುಬಿಟ್ಟರು.

ಅಲ್ಲಿಯವರೆಗೆ ಅತ್ತೆ ಕಟ್ಟೆಯ ಮುಂದೆ ಬೆನ್ನು ಹಾಕಿ ಹಾಲು ಕಾಯಿಸುತ್ತಿದ್ದರು. ಉರಿ ಸಣ್ಣ ಮಾಡಿ ತಿರುಗಿದರು.

“ನೋಡಪ್ಪ, ನಿಮ್ಮಮ್ಮ ಎರಡು ಸಲ ಒಡೆಸಿ ಕಟ್ಟಿಸಿದ್ರು ಅಂತ ಪ್ರತಿ ತಿಂಗಳು ಹೇಳ್ತೀಯ. ನಿಮ್ಮಪ್ಪ ಬೈದ್ರೂ ಕೇಳ್ಲಿಲ್ಲ ಅಂತೀಯ. ಯಾಕೆ ಒಡೆಸಿದ್ರು?”

ಓನರ್ ಕಟ್ಟೆಯ ಕಡೆ ನೋಡಿದರು.

“ಅವರಿಗೆ ಸೊಂಟ ಇತ್ತು, ಅದಕ್ಕೆ ಒಡೆಸಿದ್ರು. ಈ ಕಟ್ಟೆ ಅವರಿಗೆ ಸರಿ ಹೋಯ್ತು. ನಂಗೂ ಸರಿ ಹೋಯ್ತು. ನಾವಿಬ್ರೂ ಗಿಡ್ಡ. ಇವಳು ಗಿಡ್ಡ ಅಲ್ಲ. ನಿಮ್ಮಮ್ಮ ಮಾಡಿದ್ದು ದೊಡ್ಡಸ್ತಿಕೆ ಆದ್ರೆ, ನನ್ನ ಸೊಸೆ ಮಾಡಿದ್ದು ಹೇಗೆ ತಪ್ಪಾಗುತ್ತೆ? ಇವಳು ಒಂದು ಸಲಾನೂ ಏನನ್ನೂ ಒಡೆಸ್ಲಿಲ್ಲ.”

ಮದುವೆಯಾದಾಗಿನಿಂದ ಅತ್ತೆ ನನ್ನ ಸೊಸೆ ಅಂದದ್ದನ್ನು ಏಣಿ ಕೇಳಿರಲಿಲ್ಲ. ಏಣಿ ಅಂದದ್ದೇ ಕೇಳಿದ್ದಳು. ಅವಳು ಹಾಲ್‌ನಲ್ಲಿದ್ದ ಮೇಜನ್ನು ಒರೆಸುವವಳ ಹಾಗೆ ಅತ್ತ ತಿರುಗಿದಳು.

ಓನರ್ ಕಟ್ಟೆಯ ಹತ್ತಿರ ಹೋದರು. ಅವರೂ ಎತ್ತರದ ಆಳು. ಎಂದಿನ ಹಾಗೆ ಅಂಗೈ ಊರಿದರು, ಊರಬೇಕೆಂದರೆ ಅವರೂ ಬಗ್ಗಬೇಕಿತ್ತು, ಅದನ್ನು ಅವತ್ತು ಮೊದಲ ಸಲ ಗಮನಿಸಿದವರ ಹಾಗೆ ಹಾಗೇ ನಿಂತರು. ಅಮ್ಮನ ಮಾತು ತೆಗೆಯಲಿಲ್ಲ. ಅತ್ತೆ ಲೋಟದಲ್ಲಿ ಚಹಾ ಕೊಟ್ಟರು. ಕುಡಿದು, ಕಂಡಕ್ಟರ್ ಕೊಟ್ಟ ಕವರನ್ನು ಎಣಿಸದೆ ಜೇಬಿಗೆ ಹಾಕಿಕೊಂಡರು. ಅದರಲ್ಲಿ ಹಳೇ ಬಾಡಿಗೆಯೇ ಇತ್ತು. ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತಾ, “ಆ ಬಾಗಿಲುಗಳನ್ನ ಮಂಚದ ಕೆಳಗೇ ಇಟ್ಬಿಡಿ. ಅಲ್ಲೇ ಇರಲಿ,” ಅಂದರು. ಕಿಟಕಿಯ ಸುದ್ದಿ ಎತ್ತಲಿಲ್ಲ.

ಅವರು ಬೀದಿ ತಿರುಗುವವರೆಗೆ ಮಗಳು ಬಾಗಿಲಲ್ಲೇ ನಿಂತು ನೋಡಿದಳು. ಆಮೇಲೆ ಓನರ್ ದನಿಯಲ್ಲಿ, “ನಮ್ಮಮ್ಮನ ಮೇಜು ಇದು,” ಅಂತ ಶುರು ಮಾಡಿದಳು. ಮೂವರೂ ನಕ್ಕರು. ಅತ್ತೆ ಮಾತ್ರ, ಮೇಜನ್ನು ಬೇಗ ಒಳಗೆ ತನ್ನಿ, ಮಧ್ಯಾಹ್ನದ ಅಡುಗೆಗೆ ಇನ್ನೂ ಈರುಳ್ಳಿ ಹೆಚ್ಚಿಲ್ಲ ಅಂತ ಗದರಿದರು. ನಾಲ್ಕು ಜನ ನಾಲ್ಕು ಮೂಲೆ ಹಿಡಿದರು. ಅತ್ತೆಯ ಮೂಲೆ ಸ್ವಲ್ಪ ಕೆಳಗೇ ಇತ್ತು.

ಕಿಟಕಿಯ ಕೆಳಗೆ ಮೇಜು ಇಳಿಸಿದ ಮೇಲೆ ಮಗಳು ಚಾಕು ತಗೊಂಡಳು. ಏಣಿ ಪಕ್ಕಕ್ಕೆ ಸರಿದು ನೋಡಿದಳು. ಬೆನ್ನು ನೆಟ್ಟಗಿತ್ತು.

“ಅಮ್ಮ, ನಾನು ಇನ್ನೂ ಬೆಳೆದ್ರೆ?” ಅಂದಳು ಮಗಳು, ಈರುಳ್ಳಿಯಿಂದ ಕಣ್ಣೆತ್ತದೆ.

ಬೆಳೆಯುವ ಮಕ್ಕಳ ಯೂನಿಫಾರ್ಮಿಗೆ ಅಂಚಿನಲ್ಲಿ ಮೂರು ಇಂಚು ಮಡಿಕೆ ಬಿಟ್ಟು ಕತ್ತರಿಸುವವಳು ಏಣಿ, ವರ್ಷ ವರ್ಷ ಬಿಚ್ಚಿ ಉದ್ದ ಮಾಡಿಕೊಳ್ಳಲಿ ಅಂತ. ಅವಳು ಬಗ್ಗಿ ಮೇಜಿನ ಕಾಲು ತೋರಿಸಿದಳು. ಬೋಲ್ಟ್ ಇನ್ನೂ ಮೂರು ಇಂಚು ಒಳಗೇ ಇತ್ತು.

“ಬೆಳಿ,” ಅಂದಳು. “ಎಷ್ಟು ಬೇಕಾದ್ರೂ ಬೆಳಿ.”